ಪಿಲಿಕುಳದಲ್ಲಿ ಮೊಬೈಲ್ ಮ್ಯಾಕ್ರೋ ಲೆನ್ಸ್: ಹುಳಕ್ಕೆ ಸೈ, ಹುಲಿಗೆ ಅಲ್ಲ

ಮೊಬೈಲಿಗೆ ಕ್ಲಿಪ್ ಹಾಕಿ ಸಿಕ್ಕಿಸುವ ಮ್ಯಾಕ್ರೋ ಲೆನ್ಸ್ (ತೀರಾ ಹತ್ತಿರದ ಸಣ್ಣ ವಸ್ತುವನ್ನು ದೊಡ್ಡದಾಗಿ ತೋರಿಸುವಂಥದ್ದು) ಒಂದನ್ನು 600 ರೂಪಾಯಿಗೆ ತಗೊಂಡೆ. ಡಬ್ಬಿಯ ಮೇಲೆ 15 ಪಟ್ಟು ಅಂತ ಬರೆದಿದೆ. ಮನೆಯಲ್ಲಿ ಉಪ್ಪಿನ ಹರಳು, ನಾಣ್ಯ ಎಲ್ಲ ತೆಗೆದು ನೋಡಿದ ಮೇಲೆ ಕಳೆದ ಭಾನುವಾರ ಅಕ್ಕನ ಮಗನನ್ನು ಕರ್ಕೊಂಡು ಮಂಗಳೂರಿನ ಪಿಲಿಕುಳಕ್ಕೆ ಹೋದೆ, ಮೃಗಾಲಯ, ತಾರಾಲಯ ಎಲ್ಲ ಇರುವ ನಿಸರ್ಗಧಾಮ ಅದು. (ಸೋಮವಾರ ರಜೆ, ನೆನಪಿರಲಿ.)

ಮೊದಲೇ ಹೇಳಿಬಿಡುತ್ತೇನೆ, ಪ್ರಾಣಿಗಳಿಗೆ ಈ ಲೆನ್ಸ್ ಬೇಡ. ಎರಡು ಬೆರಳಿಗಿಂತ ದೂರ ಇರುವುದೆಲ್ಲ ಮಸುಕು. ಹುಲಿ ಕಂಡಾಗ ಲೆನ್ಸ್ ಕಿತ್ತು ಕಿಸೆಗೆ ಹಾಕಿಕೊಳ್ಳಿ. ಗಾಜಿನ ಹಿಂದಿನ ಹಾವಿಗಾದರೆ ಫ್ಲ್ಯಾಷ್ ಆರಿಸಿ ಫೋನನ್ನು ಗಾಜಿಗೆ ಒತ್ತಿ ಹಿಡಿಯಿರಿ, ನಮ್ಮದೇ ಮುಖ ಅದರಲ್ಲಿ ಬೀಳುವುದಿಲ್ಲ. ಚಿಟ್ಟೆಗೂ ಆಗುವುದಿಲ್ಲ, ಅಷ್ಟು ಹತ್ತಿರ ಹೋಗುವಷ್ಟರಲ್ಲಿ ಹಾರಿರುತ್ತದೆ.

ಆದರೆ ಇರುವೆ! ದಾರಿ ಪಕ್ಕದ ಗಿಡದಲ್ಲಿ ಚಗಳಿ (ಎಲೆ ಹೊಲಿಯುವ ಕೆಂಪಿರುವೆ) ಗೂಡು ಕಟ್ಟುತ್ತಿತ್ತು. ಏಳೆಂಟು ಇರುವೆಗಳು ಸಾಲಾಗಿ ನಿಂತು ಒಂದು ಎಲೆಯ ಅಂಚನ್ನು ಬಾಯಲ್ಲಿ ಕಚ್ಚಿ, ಹಿಂಗಾಲನ್ನು ಇನ್ನೊಂದು ಎಲೆಗೆ ಊರಿ ಎಳೆಯುತ್ತಿದ್ದವು, ಇನ್ನೊಂದು ಇರುವೆ ಅಕ್ಕಿಕಾಳಿನಂಥ ಬಿಳಿ ಮರಿಹುಳವನ್ನು ಬಾಯಲ್ಲಿ ಹಿಡ್ಕೊಂಡು ಆ ಕಡೆಯಿಂದ ಈ ಕಡೆಗೆ ಓಡಾಡಿಸುತ್ತಿತ್ತು. "ಮಾಮ, ನೂಲು ಬರ್ತಾ ಉಂಟು ನೋಡಿ!" ಅಂದ ಹುಡುಗ. ಹೌದು, ಎಲೆ ಹೊಲಿಯುವ ನೂಲು ದೊಡ್ಡ ಇರುವೆಯದ್ದಲ್ಲ, ಮರಿಯದ್ದು. ಚಿಕ್ಕಂದಿನಿಂದ ಚಗಳಿ ಕಚ್ಚಿಸಿಕೊಂಡಿದ್ದೇನೆ, ಇದನ್ನು ಕಣ್ಣಾರೆ ನೋಡಿದ್ದು ಆವತ್ತೇ. ಆ ಒಂದು ಫೋಟೋಗೇ ಕೊಟ್ಟ ದುಡ್ಡು ಬಂತು.

ಸುಲಭಕ್ಕೆ ಸಿಗಲಿಲ್ಲ. 60ರಷ್ಟು ತೆಗೆದೆ, ಉಳಿದದ್ದು ನಾಲ್ಕು. ಹತ್ತಿರ ಹೋದ ಕೂಡಲೇ ಫೋನ್ ತಾನಾಗಿಯೇ ಪಕ್ಕದ ಕ್ಯಾಮೆರಾಕ್ಕೆ ಹಾರುತ್ತದೆ, ಲೆನ್ಸ್ ಇಲ್ಲಿ, ಚಿತ್ರ ಅಲ್ಲಿ. ಕ್ಯಾಮೆರಾದ ಪ್ರೊ ಮೋಡ್‌ಗೆ (ಎಲ್ಲವನ್ನೂ ನಾವೇ ಹೊಂದಿಸುವ ಕಡೆಗೆ) ಹೋಗಿ ಮುಖ್ಯ ಕ್ಯಾಮೆರಾವನ್ನೇ ಹಾಕಿಡಿ. ಫೋಕಸ್‌ಗೆ ಪರದೆ ಮುಟ್ಟುತ್ತಾ ಕೂರಬೇಡಿ, ಉಸಿರು ಬಿಗಿಹಿಡಿದು ಫೋನನ್ನೇ ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿ, ಸಾಲಾಗಿ ಕ್ಲಿಕ್ ಮಾಡಿ. ಹುಳ ಅಲ್ಲಾಡಬಾರದು ಅಂತ ಕೆಲವರು ಹಿಡಿದು ಫ್ರಿಜ್‌ನಲ್ಲಿ ಇಡುತ್ತಾರಂತೆ. ದಯವಿಟ್ಟು ಅದೊಂದು ಮಾಡಬೇಡಿ, ಒಂದು ಫೋಟೋಗೋಸ್ಕರ ಅದರ ಜೀವ ಯಾಕೆ ತೆಗೀಬೇಕು?

ಕೊರತೆ ಹೇಳಬೇಕಾದರೆ, ಕ್ಲಿಪ್ ಸಡಿಲ. ಫೋನಿನ ಕವರ್ ತೆಗೆಯದೆ ಕೂರುವುದೇ ಇಲ್ಲ. ಫೋಟೋದ ಮೂಲೆಗಳೂ ಮಸುಕು, ನಡುಭಾಗ ಮಾತ್ರ ಚೆನ್ನಾಗಿದೆ.

ಇನ್ನೊಂದು ನಮ್ಮ ಕಡೆಯ ತೊಂದರೆ. ತಾರಾಲಯದ ಎಸಿಯಿಂದ ಹೊರಗೆ ಬಂದರೆ ನಮ್ಮ ಸೆಕೆಗೆ ತಣ್ಣಗಿನ ಲೆನ್ಸ್ ಮೇಲೆ ಹಬೆ ಕೂರುತ್ತದೆ. ಒರೆಸಿದರೆ ಮತ್ತೆ ಬರುತ್ತದೆ. ಹತ್ತು ನಿಮಿಷ ಸುಮ್ನೆ ಬಿಡಿ, ಆಮೇಲೆ ಒರೆಸಿ. ಜೊತೆಗೆ ಕೊಟ್ಟ ಬಟ್ಟೆ ತೀರಾ ಕಳಪೆ, ಒಗೆದ ಹಳೇ ಪಂಚೆಯ ತುಂಡೇ ವಾಸಿ.