ನಾಲ್ಕಡಿ ಹನ್ನೊಂದು ಇಂಚಿನವಳಿಗೆ ಒಪ್ಪಿದ ಡೌನ್ ಸ್ಲೀಪಿಂಗ್ ಬ್ಯಾಗ್

ನನ್ನ ಎತ್ತರ ನಾಲ್ಕಡಿ ಹನ್ನೊಂದು ಇಂಚು. ಡಿಸೆಂಬರ್ ಕೊನೆಯಲ್ಲಿ ಉತ್ತರಾಖಂಡದ ಕೇದಾರಕಂಠಕ್ಕೆ ಚಾರಣ ಹೋದಾಗ ಬಾಡಿಗೆಗೆ ಸಿಕ್ಕಿದ್ದು ಆರಡಿ ಗಂಡಸು ಕಾಲು ಚಾಚಿ ಮಲಗಬಹುದಾದ ಚೀಲ. ಜೂಡಾ ಕಾ ತಾಲಾಬ್ ಹತ್ತಿರದ ಗುಡಾರದಲ್ಲಿ ಅದರೊಳಗೆ ಸೇರಿಕೊಂಡರೆ ಪಾದದಾಚೆ ಒಂದಡಿಗೂ ಹೆಚ್ಚು ಜಾಗ ಖಾಲಿ. ಕಾಲು ಸ್ವಲ್ಪ ಚಾಚಿದರೂ ಕೊರೆಯುವ ಬಟ್ಟೆ ತಾಗುತ್ತಿತ್ತು. ಚೀಲ ತಾನಾಗಿ ಬಿಸಿ ಕೊಡುವುದಿಲ್ಲವಲ್ಲ, ನಮ್ಮ ಮೈ ಬಿಸಿಯನ್ನೇ ಹಿಡಿದಿಡುತ್ತದೆ. ನನ್ನಷ್ಟು ಚಿಕ್ಕ ಮೈ ಅಷ್ಟು ದೊಡ್ಡ ಜಾಗವನ್ನು ರಾತ್ರಿಯಿಡೀ ಕಾಯಿಸಬೇಕಿತ್ತು.

ಅದಕ್ಕಿಂತ ಹೆಚ್ಚು ಕಾಡಿದ್ದು ತಲೆಯ ಕಡೆ. ಕುತ್ತಿಗೆ ಸುತ್ತ ಕೂರಬೇಕಾದ ಕಾಲರ್ ನನ್ನ ಕೆನ್ನೆಯ ಮೇಲಿತ್ತು, ಹುಡ್ ನೆತ್ತಿಯಿಂದಾಚೆ ಮಡಚಿಕೊಂಡು ಬಿದ್ದಿತ್ತು. ಬೇರೆ ದಾರಿಯಿಲ್ಲದೆ ಮುಖ ಒಳಗಿಟ್ಟೇ ಮಲಗಿದೆ. ಬೆಳಿಗ್ಗೆ ನೋಡಿದರೆ ಉಸಿರಿನ ತೇವಕ್ಕೆ ಆ ಭಾಗವೆಲ್ಲ ಒದ್ದೆ. ಮಾರನೆಯ ರಾತ್ರಿ ಚೀಲದ ತುದಿಯನ್ನು ದುಪಟ್ಟಾದಿಂದ ಬಿಗಿದು ಕಟ್ಟಿದೆ. ಪಾದಕ್ಕೆ ಸ್ವಲ್ಪ ಹಿತವಾಯಿತು, ಆದರೆ ಎರಡು ಗಂಟೆಗೇ ಎದ್ದು ಶಿಖರಕ್ಕೆ ಹೊರಡುವವರೆಗೂ ನಿದ್ದೆ ಹತ್ತಲಿಲ್ಲ.

ಊರಿಗೆ ಬಂದ ಮೇಲೆ ಅಮೆರಿಕದ ಸನಿವೇಲ್‌ನಲ್ಲಿರುವ ತಮ್ಮನಿಗೆ ಫೋನ್ ಮಾಡಿದೆ. "ಅಕ್ಕಾ, ಇಲ್ಲೇ ಪಕ್ಕದ ಸ್ಯಾನ್ ಹೋಸೆಯಲ್ಲಿ ವೆಸ್ಟರ್ನ್ ಮೌಂಟೇನಿಯರಿಂಗ್ ಅಂತ ಕಂಪನಿ ಇದೆ, ಒಂದೇ ಚೀಲವನ್ನು ಮೂರು ಉದ್ದದಲ್ಲಿ ಹೊಲಿಯುತ್ತಾರೆ. ನಿನ್ನ ಅಳತೆ ಸರಿಯಾಗಿ ಹೇಳು" ಅಂದ. ಸಂಕ್ರಾಂತಿಗೆ ಬಂದಾಗ ತಂದುಕೊಟ್ಟಿದ್ದು ಅವರ ಅಲ್ಟ್ರಾಲೈಟ್, ಐದಡಿ ಆರು ಇಂಚಿನವರ ಅಳತೆಯದು. ಕಂಪನಿ ಹೇಳುವಂತೆ ಮೈನಸ್ 7 ಡಿಗ್ರಿವರೆಗೆ ಸಾಕಾಗುತ್ತದೆ. ಅಡುಗೆಮನೆಯ ತಕ್ಕಡಿಯಲ್ಲಿ ಇಟ್ಟು ನೋಡಿದೆ: 800 ಗ್ರಾಂ ಆಸುಪಾಸು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ತೂಕ ಹೆಬ್ಬಾತಿನ ತುಪ್ಪುಳದ್ದೇ, ಡೌನ್ ಅನ್ನುವುದು ಇದನ್ನೇ.

ಈ ತುಪ್ಪುಳಕ್ಕೆ 850 ಫಿಲ್ ಪವರ್ ಅನ್ನುತ್ತಾರೆ. ಒಂದು ಔನ್ಸ್, ಅಂದರೆ 28 ಗ್ರಾಂ ಡೌನ್ ಅರಳಿದಾಗ 850 ಘನ ಇಂಚು ಜಾಗ ತುಂಬುತ್ತದೆ ಎಂದರ್ಥ. ಹೆಚ್ಚುಕಡಿಮೆ 14 ಲೀಟರ್, ಒಂದು ಬಿಂದಿಗೆಯಷ್ಟು! ಆದರೆ ಆ ಅಂಕಿ ಹೇಳುವುದು ಡೌನ್‌ನ ಗುಣಮಟ್ಟವನ್ನು ಮಾತ್ರ. ಚೀಲ ಎಷ್ಟು ಬೆಚ್ಚಗಿರುತ್ತದೆ ಎಂದು ತಿಳಿಯಲು ಒಳಗೆ ಎಷ್ಟು ಗ್ರಾಂ ತುಂಬಿದ್ದಾರೆ ಅಂತಲೂ ಕೇಳಬೇಕು.

ತಾಪಮಾನದ ವಿಷಯದಲ್ಲಿ ನಮ್ಮಂಥ ಹೆಂಗಸರು ಒಂದು ಮಾತು ತಿಳಿದಿರಬೇಕು. ಐಎಸ್‌ಒ 23537 ಮಾನದಂಡದ ಚೀಟಿಯಿರುವ ಚೀಲಗಳಲ್ಲಿ 'ಕಂಫರ್ಟ್' ಮತ್ತು 'ಲಿಮಿಟ್' ಎಂದು ಎರಡು ಅಂಕಿ ಇರುತ್ತವೆ. ಕಂಫರ್ಟ್ ಲೆಕ್ಕ ಹೆಂಗಸಿನ ಮೈಗೆ, ಲಿಮಿಟ್ ಗಂಡಸಿನ ಮೈಗೆ. ಅಂಗಡಿಯ ಬೋರ್ಡಿನಲ್ಲಿ ದೊಡ್ಡದಾಗಿ ಬರೆದದ್ದು ಎಷ್ಟೋ ಸಲ ಎರಡನೆಯದು. ದಯವಿಟ್ಟು ಮೊದಲನೆಯದನ್ನು ನೋಡಿ ಕೊಳ್ಳಿ.

ನವೆಂಬರ್ ಕೊನೆಗೆ ಉತ್ತರಾಖಂಡದ್ದೇ ಹರ್ ಕಿ ದೂನ್ ಕಣಿವೆಗೆ ಹೊತ್ತುಕೊಂಡು ಹೋದೆ. ಒಂದು ರಾತ್ರಿ ಗುಡಾರದಲ್ಲಿ ಥರ್ಮಾಮೀಟರ್ ಮೈನಸ್ 5 ತೋರಿಸುತ್ತಿತ್ತು, ಬಾಟಲಿಯ ನೀರು ಗಟ್ಟಿಯಾಗಿತ್ತು. ಥರ್ಮಲ್ ಬಟ್ಟೆ, ಟೋಪಿ, ಒಂದೇ ಜೊತೆ ಕಾಲುಚೀಲ ಹಾಕಿ ಮಲಗಿದವಳು ಬೆಳಗಿನ ಜಾವದವರೆಗೆ ಎಚ್ಚರವಾಗಲಿಲ್ಲ. ಕಾಲರ್ ಕುತ್ತಿಗೆಯಲ್ಲೇ ಕೂತಿತ್ತು, ದಾರ ಎಳೆದರೆ ಮೂಗು ಬಾಯಿ ಮಾತ್ರ ಹೊರಗೆ. ಆ ನೆಮ್ಮದಿಯನ್ನು ಹೇಗೆ ಹೇಳಲಿ!

ಇದೂ ನನಗಿಂತ ಏಳು ಇಂಚು ಉದ್ದದವರ ಅಳತೆಯೇ. ಉಳಿದ ಜಾಗಕ್ಕೆ ಮರುದಿನದ ಒಣಬಟ್ಟೆಯನ್ನು ಸಡಿಲವಾಗಿ ತುರುಕುತ್ತೇನೆ. ಬಿಸಿನೀರಿನ ಬಾಟಲಿಗೆ ಕಾಲುಚೀಲ ತೊಡಿಸಿ ಅಲ್ಲೇ ಇಟ್ಟರೆ ಬೆಳಿಗ್ಗೆ ಬಟ್ಟೆಯೂ ಬೆಚ್ಚಗಿರುತ್ತದೆ. ಆದರೆ ಗಿಡಿದು ತುಂಬಬಾರದು. ಡೌನ್ ಒತ್ತಿದರೆ ಅದರೊಳಗಿನ ಗಾಳಿ ಹೋಗುತ್ತದೆ, ಗಾಳಿ ಹೋದರೆ ಬಿಸಿ ನಿಲ್ಲುವುದಿಲ್ಲ. ಬೆನ್ನಡಿ ಡೌನ್ ಹೇಗೂ ಅಪ್ಪಚ್ಚಿಯಾಗುವುದರಿಂದ ಒಳ್ಳೆಯ ಚಾಪೆ ಬೇಕೇ ಬೇಕು. ಇದೇ ಕಾರಣಕ್ಕೆ, ಗಿಡ್ಡಗಿದ್ದೇವೆಂದು ತೀರಾ ಬಿಗಿಯಾದ ಚೀಲವನ್ನೂ ತೆಗೆದುಕೊಳ್ಳಬೇಡಿ. ಅಂಗಡಿಯಲ್ಲಿ ನಾಚಿಕೊಳ್ಳದೆ ನೆಲದ ಮೇಲೆ ಹಾಸಿ ಮಲಗಿ. ಜಿಪ್ ಎಳೆದು, ಹುಡ್ ಬಿಗಿದು, ಮಗ್ಗುಲಾಗಿ ಮಂಡಿ ಮಡಚಿ ನೋಡಿ. ಮಂಡಿ ಬಟ್ಟೆಯನ್ನು ಒತ್ತಿದರೆ ಇನ್ನೊಂದು ಅಳತೆ ಕೇಳಿ.

ಬೆಲೆ ಬಹಳ ಹೆಚ್ಚು, ನಿಜ. ಜೀವಮಾನದಲ್ಲಿ ಒಂದೇ ಚಾರಣಕ್ಕೆ ಹೋಗುವವರು ಬಾಡಿಗೆಗೇ ಕೇಳಿ, ಆದರೆ ಹೊರಡುವ ಮೊದಲೇ ನಿಮ್ಮ ಎತ್ತರ ಹೇಳಿ ಗಿಡ್ಡ ಚೀಲ ಎತ್ತಿಡಿಸಿ. ನಾನು ವರ್ಷಕ್ಕೆರಡು ಸಲ ಹೋಗುವವಳು.

ಸಾಗರದ ನಮ್ಮ ಮನೆಯಲ್ಲಿ ಮಳೆಗಾಲಕ್ಕೆ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ, ಹಾಗಾಗಿ ಮೊದಲ ವರ್ಷ ಭಯವಿತ್ತು. ಡೌನನ್ನು ಸುತ್ತಿ ಒತ್ತಿಡಬಾರದು, ಪ್ಲಾಸ್ಟಿಕ್ಕಿನಲ್ಲೂ ಕಟ್ಟಿಡಬಾರದು. ದೊಡ್ಡ ಕಾಟನ್ ಚೀಲಕ್ಕೆ ಸಡಿಲವಾಗಿ ಹಾಕಿ, ಅಡುಗೆಮನೆ ಒಲೆಯ ಹಿಂದಿನ ಕೋಣೆಯಲ್ಲಿ, ಹೊಗೆ ತಾಗದ ಕಡೆ ಗಳಕ್ಕೆ ನೇತುಹಾಕಿದೆ. ಹದಿನೈದು ದಿನಕ್ಕೊಮ್ಮೆ ತೆಗೆದು ಕೊಡವಿ ಗಾಳಿಗೆ ಹರವುತ್ತಿದ್ದೆ. ದಸರೆಗೆ ಬಿಚ್ಚಿ ಮಂಚದ ಮೇಲೆ ಹಾಸಿದಾಗ ಬೂಷ್ಟಿನ ವಾಸನೆ ಇರಲಿಲ್ಲ, ಅರ್ಧ ಗಂಟೆಯಲ್ಲಿ ಮೊದಲಿನಷ್ಟೇ ಉಬ್ಬಿ ನಿಂತಿತ್ತು.