ನಸುಕು, ನಡುಹಗಲು, ಇಳಿಹೊತ್ತು: ಕಾಡು ಸುತ್ತೋಕೆ ಯಾವ ಹೊತ್ತು ವಾಸಿ?

"ಅಷ್ಟು ದೂರ ಹೋದೆವು, ಏನೂ ಕಾಣಲಿಲ್ಲ, ಬರೀ ಜನ" ಎಂದು ಯಾರಾದರೂ ಒಂದು ಕಾಡಿನ ಬಗ್ಗೆಯೋ ಬೆಟ್ಟದ ಬಗ್ಗೆಯೋ ಬೇಜಾರು ಮಾಡಿಕೊಂಡರೆ ನಾನು ಮೊದಲು ಕೇಳುವುದು ಒಂದೇ ಮಾತು. ಎಷ್ಟು ಹೊತ್ತಿಗೆ ಹೋಗಿದ್ದಿರಿ? 10.30, 11 ಗಂಟೆ ಅನ್ನುತ್ತಾರೆ ಹೆಚ್ಚಿನವರು. ಯಾವ ಜಾಗಕ್ಕೆ ಹೋಗೋದು ಅಂತ ವಾರಗಟ್ಟಲೆ ಹುಡುಕುತ್ತೇವೆ, ಫೋಟೋ ನೋಡುತ್ತೇವೆ, ಹೋಗಿ ಬಂದವರನ್ನೆಲ್ಲ ವಿಚಾರಿಸುತ್ತೇವೆ. ಯಾವ ಹೊತ್ತಿಗೆ ಅನ್ನೋದನ್ನು ಮಾತ್ರ ಯೋಚನೆಯೇ ಮಾಡುವುದಿಲ್ಲ. ನನ್ನ ಅನುಭವದಲ್ಲಿ ಜಾಗದಷ್ಟೇ ಹೊತ್ತೂ ಮುಖ್ಯ.

ಇದನ್ನು ಸುಮ್ನೆ ಹೇಳುತ್ತಿಲ್ಲ. ಕೆರೆಯ ಅಂಚಿನಲ್ಲಿ ಶುರುವಾಗಿ, ದಟ್ಟ ಮರಗಳ ನಡುವೆ ಹಾದು, ಕೊನೆಗೆ ಬೋಳು ಬಂಡೆಯ ನೆತ್ತಿಗೆ ಏರುವ ಒಂದೇ ದಾರಿಯನ್ನು ಮೂರೂ ಹೊತ್ತಿನಲ್ಲಿ, ಬೇರೆ ಬೇರೆ ಕಾಲಗಳಲ್ಲಿ ನಡೆದು ನೋಡಿದ್ದೇನೆ. ದಾರಿ ಅದೇ, ಮರ ಅವೇ, ಆದರೆ ಪ್ರತಿ ಸಲ ಬೇರೆಯದೇ ಜಾಗಕ್ಕೆ ಹೋದ ಹಾಗಿರುತ್ತದೆ.

ಮೊದಲು ನಸುಕು. ನನ್ನ ಓಟು ಇದಕ್ಕೇ, ಅದನ್ನು ಮುಚ್ಚಿಡುವುದಿಲ್ಲ. ಬೆಳಕು ಹರಿಯುವ ಹೊತ್ತಿನ ಹಕ್ಕಿಗಳ ಗದ್ದಲ ಕೇಳದೆ ಕಾಡು ನೋಡಿದೆ ಅನ್ನೋದು ನನಗೆ ಅರ್ಧ ಮಾತು ಅನ್ನಿಸುತ್ತದೆ. ಬೇಟೆಯಾಡೋಕೆ, ಹುಳ ಹುಡುಕೋಕೆ ಸಾಲುವಷ್ಟು ಬೆಳಕು ಇನ್ನೂ ಬಂದಿರುವುದಿಲ್ಲ, ಗಾಳಿ ನಿಂತಿರುತ್ತದೆ. ಗಂಡು ಹಕ್ಕಿಗಳು ಇದು ನನ್ನ ಜಾಗ ಅಂತ ಸಾರೋಕೆ, ಹೆಣ್ಣನ್ನು ಕರೆಯೋಕೆ ಆ ಹೊತ್ತನ್ನು ಬಳಸಿಕೊಳ್ಳುತ್ತವೆ. ರಾತ್ರಿಯೆಲ್ಲ ತಣ್ಣಗಾದ ನೆಲದ ಪಕ್ಕದಲ್ಲಿ ತಂಪು ಗಾಳಿ, ಅದರ ಮೇಲೆ ತುಸು ಬೆಚ್ಚಗಿನ ಗಾಳಿ ನಿಂತಿದ್ದರೆ ಸದ್ದು ಮೇಲಕ್ಕೆ ಹೋಗಿ ಚದುರುವ ಬದಲು ಬಾಗಿ ನೆಲದ ಕಡೆಗೇ ಬರುತ್ತದೆ. ಹಾಗಾಗಿ ಕೆರೆಯ ಆಚೆ ದಡದ ಕೂಗು ಕೂಡ ಪಕ್ಕದ ಪೊದೆಯಲ್ಲೇ ಇದ್ದಂತೆ ಕೇಳಿಸುತ್ತದೆ.

ಇನ್ನೊಂದು ಲಾಭ ಓರೆ ಬಿಸಿಲು. ದಾರಿಯ ಕೆಸರಿನಲ್ಲಿ ಜಿಂಕೆ ನಡೆದು ಹೋಗಿದ್ದರೆ ಗೊರಸಿನ ಎರಡು ಹೋಳು, ನಡುವಿನ ಸೀಳು, ಮುಂದಿನ ಚೂಪು ತುದಿ ಒತ್ತಿ ನಿಂತ ಗುಳಿ, ಒಂದೊಂದರ ಅಂಚಿಗೂ ತೆಳ್ಳನೆಯ ನೆರಳು ಬಿದ್ದು ಬಿಡಿಸಿ ಕಾಣುತ್ತದೆ. ಅಂಚು ಇನ್ನೂ ಹರಿತವಾಗಿದ್ದು ಒಳಗೆ ಎಲೆ, ಧೂಳು ಬಿದ್ದಿಲ್ಲದಿದ್ದರೆ ಸ್ವಲ್ಪ ಹೊತ್ತಿನ ಹಿಂದಷ್ಟೇ ಹೋಗಿದೆ ಅಂತ ಲೆಕ್ಕ. ಅದೇ ಗುರುತು ಮಧ್ಯಾಹ್ನ ಬರೀ ಮಣ್ಣಾಗಿ ಕಾಣುತ್ತದೆ, ಅಷ್ಟರೊಳಗೆ ಅದರ ಮೇಲೆ ನೂರು ಬೂಟುಗಳೂ ಬಿದ್ದಿರುತ್ತವೆ. ಜೇಡರ ಬಲೆಯದೂ ಇದೇ ಕಥೆ. ಇಬ್ಬನಿ ಕೂತಿದ್ದಾಗ ಪೊದೆ ಪೊದೆಗೂ ಬಲೆ ಕಾಣುತ್ತದೆ, ಬಿಸಿಲೇರಿದ ಮೇಲೆ ಬಲೆ ಅಲ್ಲೇ ಇದ್ದರೂ ಕಣ್ಣಿಗೆ ಬೀಳುವುದಿಲ್ಲ.

ನಸುಕಿನ ತೊಂದರೆಗಳೂ ಸಣ್ಣವಲ್ಲ. ಹುಲ್ಲು ಒದ್ದೆ, ಮೊಣಕಾಲಿನವರೆಗೆ ಪ್ಯಾಂಟು ಒದ್ದೆ, ಬಂಡೆ ಜಾರುತ್ತದೆ. ಎಷ್ಟೋ ಸಂರಕ್ಷಿತ ಪ್ರದೇಶಗಳಲ್ಲಿ ಸೂರ್ಯ ಹುಟ್ಟಿದ ಮೇಲೆಯೇ ಗೇಟು ತೆಗೆಯುವುದು, ಅದನ್ನು ಮೊದಲೇ ವಿಚಾರಿಸಿಕೊಳ್ಳದಿದ್ದರೆ ಹೊರಗೆ ನಿಂತು ಚಳಿಯಲ್ಲಿ ಕಾಯಬೇಕು. ಎಲ್ಲಕ್ಕಿಂತ ಮುಖ್ಯ, ದೊಡ್ಡ ಪ್ರಾಣಿಗಳು ಜಾಸ್ತಿ ಓಡಾಡುವುದೂ ನಸುಕಿನಲ್ಲಿ ಮತ್ತು ಮುಸ್ಸಂಜೆಯಲ್ಲೇ. ಆನೆ, ಕರಡಿ, ಕಾಡುಹಂದಿ ಇರುವ ಕಡೆ ಪೂರ್ತಿ ಬೆಳಕಾಗುವ ತನಕ ಕಾಯುವುದೇ ಸರಿ, ಒಬ್ಬರೇ ಹೋಗಲೇಬಾರದು, ಮುಂದೆ ಕಾಣದ ತಿರುವುಗಳಲ್ಲಿ ಮಾತಾಡುತ್ತಾ ಹೋಗಬೇಕು. ಮನುಷ್ಯರು ಬರುತ್ತಿದ್ದಾರೆ ಅಂತ ಗೊತ್ತಾದರೆ ಹೆಚ್ಚಿನ ಪ್ರಾಣಿಗಳು ತಾವೇ ದಾರಿ ಬಿಡುತ್ತವೆ. ಎದುರಾಬದುರು ದಿಢೀರ್ ಸಿಕ್ಕಿಬಿಡುವುದೇ ಅಪಾಯ.

ನಡುಹಗಲಿಗೆ ಬಂದರೆ, ಇದನ್ನು ಬೈಯುವವರೇ ಜಾಸ್ತಿ. ನಾನು ಪೂರ್ತಿ ಒಪ್ಪುವುದಿಲ್ಲ. ಚಿಟ್ಟೆ, ಏರೋಪ್ಲೇನ್ ಚಿಟ್ಟೆ, ಓತಿಕ್ಯಾತ ಇವುಗಳಿಗೆಲ್ಲ ಮೈ ಬೆಚ್ಚಗಾಗೋಕೆ ಬಿಸಿಲು ಬೇಕೇ ಬೇಕು, ಹಾಗಾಗಿ ಅವುಗಳನ್ನು ನೋಡೋಕೆ ನಸುಕಿನಲ್ಲಿ ಹೋದವರಿಗೆ ಏನೂ ಸಿಗುವುದಿಲ್ಲ. ಹದ್ದುಗಳೂ ಅಷ್ಟೇ. ನೆಲ ಕಾದು ಬಿಸಿಗಾಳಿ ಮೇಲೇಳೋಕೆ ಶುರುವಾದ ಮೇಲೆಯೇ ರೆಕ್ಕೆ ಬಡಿಯದೆ ಸುತ್ತು ಹಾಕುತ್ತಾ ಏರುತ್ತವೆ. ದಟ್ಟ ಕಾಡಿನ ಒಳಗೆ ಸರಿಯಾಗಿ ಬೆಳಕು ಇಳಿಯುವುದೂ ಆಗಲೇ, ಅಣಬೆ, ಹಾವಸೆ, ತೊಗಟೆ ಮೇಲಿನ ಹುಳ ಎಲ್ಲ ಆಗ ನೋಡಬೇಕು. ಚಿಕ್ಕ ಮಕ್ಕಳನ್ನೋ ವಯಸ್ಸಾದವರನ್ನೋ ಕರೆದುಕೊಂಡು ಹೋಗುವುದಾದರೆ ನಾನು ಕಣ್ಣುಮುಚ್ಚಿ ಈ ಹೊತ್ತನ್ನೇ ಆರಿಸುತ್ತೇನೆ. ಬಂಡೆ ಒಣಗಿರುತ್ತದೆ, ದಾರಿಯಲ್ಲಿ ಜನ ಇರುತ್ತಾರೆ, ಕಾಲು ಉಳುಕಿದರೂ ಕೈ ಕೊಡೋಕೆ ಯಾರಾದರೂ ಸಿಗುತ್ತಾರೆ. ಚಳಿ ದೇಶಗಳಲ್ಲಂತೂ ಚಳಿಗಾಲದಲ್ಲಿ ಇದೇ ಅತ್ಯುತ್ತಮ ಹೊತ್ತು.

ಆದರೆ ನೆರಳಿಲ್ಲದ ನೆತ್ತಿಗೆ ಈ ಹೊತ್ತಲ್ಲಿ ಏರುವುದು ಬೇಡ. ನಿಮ್ಮ ನೆರಳು ನಿಮಗಿಂತ ಗಿಡ್ಡ ಇದೆ ಅಂದರೆ ಸೂರ್ಯ 45 ಡಿಗ್ರಿಗಿಂತ ಮೇಲಿದ್ದಾನೆ, ಚರ್ಮ ಸುಡುವ ನೇರಳಾತೀತ ಕಿರಣ ಜೋರಾಗಿದೆ ಅಂತ ಅರ್ಥ. ಇದಕ್ಕೆ ಯಾವ ಆ್ಯಪೂ ಬೇಡ. ಇನ್ನೊಂದನ್ನು ಬಹಳ ಜನ ಮರೆಯುತ್ತಾರೆ: ದಿನದ ಅತಿ ಹೆಚ್ಚು ಸೆಕೆ ಇರುವುದು 12 ಗಂಟೆಗೆ ಅಲ್ಲ, ಸಾಮಾನ್ಯವಾಗಿ ಅದಾದ ಎರಡು ಮೂರು ಗಂಟೆಯ ಮೇಲೆ. 11 ಗಂಟೆಗೆ ಹೊರಟವರು ನೆತ್ತಿ ಮುಟ್ಟಿ, ನೀರು ಖಾಲಿ ಮಾಡಿಕೊಂಡು, ಸುಸ್ತಾಗಿ ಇಳಿಯೋಕೆ ಶುರು ಮಾಡುವುದು ಸರಿಯಾಗಿ ಆ ಹೊತ್ತಿಗೇ. ಸಾಧಾರಣ ನಡಿಗೆಗೇ ಗಂಟೆಗೆ ಅರ್ಧ ಲೀಟರ್ ನೀರು ಬೇಕು, ಸೆಕೆಯಲ್ಲಿ ಏರುವಾಗ ಇನ್ನೂ ಜಾಸ್ತಿ. ಗುಡುಗಿನ ಮೋಡ ಕಟ್ಟುವುದೂ ಮಧ್ಯಾಹ್ನದ ಮೇಲೇ, ಕಾದ ಗಾಳಿ ಬೆಟ್ಟದ ಮೈಯ ಗುಂಟ ಏರಿ ಏರಿ ಮೋಡ ಗೋಪುರದ ಹಾಗೆ ಬೆಳೆಯುತ್ತದೆ. ಗುಡುಗು ಕಿವಿಗೆ ಬಿತ್ತು ಅಂದರೆ ಸಿಡಿಲು ನಿಮ್ಮನ್ನು ಮುಟ್ಟುವಷ್ಟು ಹತ್ತಿರ ಇದೆ ಅಂತಲೇ ತಿಳಿದು ತಕ್ಷಣ ಬಯಲಿನಿಂದ ಇಳಿಯಬೇಕು. ಒಂಟಿ ಮರದ ಕೆಳಗೆ ನಿಲ್ಲಬಾರದು. ಕೊನೆಯ ಗುಡುಗು ಕೇಳಿದ ಮೇಲೆ 30 ನಿಮಿಷ ಕಳೆಯುವ ತನಕ ಮತ್ತೆ ಮೇಲೆ ಹೋಗಬಾರದು.

ಇನ್ನು ಇಳಿಹೊತ್ತು. ಚೆಂದದಲ್ಲಿ ಇದಕ್ಕೆ ಮೊದಲ ಬಹುಮಾನ, ಅಪಾಯದಲ್ಲೂ ಇದಕ್ಕೇ. ಸೂರ್ಯ ಕೆಳಗಿಳಿದಂತೆ ಬೆಳಕು ವಾತಾವರಣದಲ್ಲಿ ಜಾಸ್ತಿ ದೂರ ಹಾದು ಬರಬೇಕು, ನೀಲಿ ದಾರಿಯಲ್ಲೇ ಚದುರಿ ಹೋಗಿ ಕೆಂಪು, ಹಳದಿ ಉಳಿಯುತ್ತದೆ. ಹುಲ್ಲಿನ ತುದಿಯಿಂದ ಹಿಡಿದು ಬಂಡೆಯವರೆಗೆ ಎಲ್ಲಕ್ಕೂ ಬಣ್ಣ ಬರುತ್ತದೆ. ಜನ ವಾಪಸ್ ಹೊರಟಿರುತ್ತಾರೆ, ಪ್ರಾಣಿಗಳು ನೀರಿಗೆ ಬರುತ್ತವೆ. ಎದ್ದು ಹೋಗೋಕೆ ಮನಸ್ಸೇ ಬರುವುದಿಲ್ಲ. ತೊಂದರೆ ಶುರುವಾಗುವುದೇ ಅಲ್ಲಿ.

ನಸುಕಿನಲ್ಲಿ ತಡವಾದರೆ ಬೆಳಕು ಹೆಚ್ಚುತ್ತಾ ಹೋಗುತ್ತದೆ, ಸಂಜೆ ತಡವಾದರೆ ಕತ್ತಲು ಹೆಚ್ಚುತ್ತಾ ಹೋಗುತ್ತದೆ. ಎರಡರ ನಡುವಿನ ದೊಡ್ಡ ವ್ಯತ್ಯಾಸ ಇದೇ. ಹಾಗಾಗಿ ಇಳಿಹೊತ್ತಿನ ನಡಿಗೆಗೆ ಲೆಕ್ಕ ಬೇಕು. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಲೆಕ್ಕ ನನಗೆ ಈಗಲೂ ಚೆನ್ನಾಗಿ ಕೂಡಿ ಬರುತ್ತದೆ: 5 ಕಿಲೋಮೀಟರಿಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಅಂದರೆ 10 ಕಿಲೋಮೀಟರ್ ನಡಿಗೆ, 600 ಮೀಟರ್ ಏರು ಇದ್ದರೆ ಮೂರು ಗಂಟೆ. ಇದರಲ್ಲಿ ಕೂರುವುದು, ಫೋಟೋ ತೆಗೆಯುವುದು ಸೇರಿಲ್ಲ, ಗಟ್ಟಿ ಕಾಲಿನವರ ಲೆಕ್ಕ ಇದು, ಅದಕ್ಕೇ ನಾನು ಅರ್ಧದಷ್ಟು ಸಮಯ ಮೇಲೆ ಸೇರಿಸುತ್ತೇನೆ. ಹೊರಡುವಾಗಲೇ ಒಂದು ವಾಪಸಾತಿ ಹೊತ್ತು ಗೊತ್ತು ಮಾಡಿಕೊಂಡು, ನೆತ್ತಿ ಇನ್ನು ಹತ್ತೇ ನಿಮಿಷ ದೂರ ಇದ್ದರೂ ಆ ಹೊತ್ತಿಗೆ ತಿರುಗಿಬಿಡಬೇಕು.

ಕೈ ಪೂರ್ತಿ ಚಾಚಿ, ಬೆರಳುಗಳನ್ನು ಅಡ್ಡಲಾಗಿ ಹಿಡಿದು ದಿಗಂತಕ್ಕೂ ಸೂರ್ಯನಿಗೂ ನಡುವೆ ಎಷ್ಟು ಬೆರಳು ಹಿಡಿಸುತ್ತವೆ ಅಂತ ನೋಡಿದರೆ, ಬೆರಳಿಗೆ ಸುಮಾರು 15 ನಿಮಿಷದಂತೆ ಉಳಿದ ಬಿಸಿಲಿನ ಅಂದಾಜು ಸಿಗುತ್ತದೆ. ಕಣಿವೆಯಲ್ಲಿದ್ದರೆ ಬೆಟ್ಟದ ಅಂಚೇ ನಿಮ್ಮ ದಿಗಂತ, ಸೂರ್ಯ ಬೇಗ ಮರೆಯಾಗುತ್ತಾನೆ. ಮರಗಳ ಕೆಳಗೆ ಕತ್ತಲು ಇನ್ನೂ ಬೇಗ. ಭೂಮಧ್ಯರೇಖೆಯ ಹತ್ತಿರ ಸೂರ್ಯ ಮುಳುಗಿದ ಮೇಲೆ ದಾರಿ ಕಾಣುವಷ್ಟು ಬೆಳಕು ಇರುವುದು ಬಯಲಿನಲ್ಲೂ 20–25 ನಿಮಿಷ ಅಷ್ಟೇ, ಧ್ರುವಗಳ ಕಡೆಗೆ ಹೋದಂತೆ ಅದು ಉದ್ದವಾಗುತ್ತದೆ. ಟಾರ್ಚ್ ಬೇಕೇ ಬೇಕು. ಮೊಬೈಲ್ ಟಾರ್ಚನ್ನು ನಂಬಿ ನಾನಂತೂ ಹೋಗುವುದಿಲ್ಲ, ಬ್ಯಾಟರಿಯೂ ಹೋಗುತ್ತದೆ, ಕೈಯೂ ಕಟ್ಟಿಹಾಕಿದಂತೆ ಆಗುತ್ತದೆ, ಇಳಿಯುವಾಗ ಎರಡೂ ಕೈ ಖಾಲಿ ಇರಬೇಕು ಅಲ್ವಾ? ತಲೆಗೆ ಕಟ್ಟುವ ಟಾರ್ಚ್ ವಾಸಿ. ಕಣ್ಣು ಕತ್ತಲಿಗೆ ಒಗ್ಗೋಕೆ 20ರಿಂದ 30 ನಿಮಿಷ ಹಿಡಿಯುತ್ತದೆ, ಒಂದು ಬಿಳಿ ಬೆಳಕು ಕಣ್ಣಿಗೆ ಹೊಡೆದರೆ ಅಷ್ಟೂ ಹೋಯಿತು. ಕೆಂಪು ಬೆಳಕು ಇರುವ ಟಾರ್ಚ್ ಕೊಳ್ಳಿ ಅನ್ನೋದು ಅದಕ್ಕೇ.

ಒಟ್ಟಿನಲ್ಲಿ ಯಾವುದು ಅಂತ ಕೇಳಿದರೆ: ಹೊಸ ದಾರಿ, ಉದ್ದದ ದಾರಿ, ಬೋಳು ನೆತ್ತಿ ಇವು ಮೂರಕ್ಕೂ ಬೆಳಗ್ಗೆಯೇ. ದಟ್ಟ ನೆರಳಿನ ಗಿಡ್ಡ ದಾರಿ, ಜೊತೆಗೆ ಮಕ್ಕಳು ಅಂದರೆ ನಡುಹಗಲು. ಇಳಿಹೊತ್ತಿಗೆ ಮೊದಲೇ ನಡೆದು ಗೊತ್ತಿರುವ, ಸಪಾಟಾದ, ನೀರಿನ ಅಂಚಿನ ದಾರಿ ಮಾತ್ರ. ದಿನಪೂರ್ತಿ ಸಿಗುವುದಾದರೆ ನಾನು ಬೆಳಗ್ಗೆ ನೆತ್ತಿಗೆ ಏರಿ ಇಳಿದುಬಿಟ್ಟು, ಬಿಸಿಲಿನ ಹೊತ್ತನ್ನು ಮರಗಳ ಕೆಳಗೆ ಕಳೆದು, ಸಂಜೆ ಕೆರೆಯ ಹತ್ತಿರ ಇರುತ್ತೇನೆ. ಒಂದು ಮಾತು, ಬೋರ್ಡಿನಲ್ಲಿ ಮುಚ್ಚುವ ಸಮಯ ಅಂತ ಬರೆದಿದ್ದರೆ ಅದು ಸಾಮಾನ್ಯವಾಗಿ ನೀವು ಗೇಟಿನ ಹೊರಗೆ ಇರಬೇಕಾದ ಸಮಯ, ಕಾಡಿನೊಳಗಿಂದ ಹೊರಡುವ ಸಮಯ ಅಲ್ಲ. ಒಳಗೆ ಹೋಗುವಾಗಲೇ ಕಾವಲಿನವರನ್ನು ಕೇಳಿಕೊಂಡು, ಅಲ್ಲಿಂದ ಹಿಂದಕ್ಕೆ ಎಣಿಸಿ ನಿಮ್ಮ ವಾಪಸಾತಿ ಹೊತ್ತು ಇಟ್ಟುಕೊಳ್ಳಿ.