ನಿಮ್ಮನ್ನು ನಿಲ್ಲಿಸಿ ಡಾಪ್ಲರ್ ನೋಡದವರಿಗೆ ಕಾಲು ಕೊಡಬೇಡಿ

ಹುಬ್ಬಳ್ಳಿಯಲ್ಲಿ ನಮ್ಮದೊಂದು ಸಣ್ಣ ಖಾನಾವಳಿ. ಬೆಳಿಗ್ಗೆ ಆರಕ್ಕೆ ಒಲೆಯ ಮುಂದೆ ನಿಂತರೆ ರೊಟ್ಟಿ ಬಡಿದು ಮುಗಿಯುವಾಗ ಮಧ್ಯಾಹ್ನ ಎರಡು. ಹದಿನೆಂಟು ವರ್ಷ ಹೀಗೆ ನಿಂತು ನಿಂತು ಎಡ ಮೀನಖಂಡದ ಮೇಲೆ ನರ ಹುರಿಹಗ್ಗದಂತೆ ಸುತ್ತಿಕೊಂಡಿತ್ತು. ಸಂಜೆಗೆ ಕಾಲು ಬಾತು ಕಾಲ್ಚೈನು ಅಚ್ಚೊತ್ತುತ್ತಿತ್ತು. (ನಾವು ನರ ಎನ್ನುತ್ತೇವೆ, ಅದು ರಕ್ತವನ್ನು ಹೃದಯಕ್ಕೆ ಮರಳಿಸುವ ನಾಳ. ಅದು ಹೀಗೆ ಉಬ್ಬುವುದಕ್ಕೆ ವೈದ್ಯರು ವೆರಿಕೋಸ್ ವೇನ್ಸ್ ಎನ್ನುತ್ತಾರೆ.)

ನಮ್ಮ ಅತ್ತೆಗೂ ಇದೇ ಕಾಯಿಲೆ ಇತ್ತು. ಹಿಂದೆ ಬೆನ್ನಿಗೆ ಇಂಜೆಕ್ಷನ್ ಕೊಟ್ಟು, ತೊಡೆಸಂದಿಯಲ್ಲಿ ಕೊಯ್ದು, ನಾಳವನ್ನೇ ಎಳೆದು ತೆಗೆದಿದ್ದರು. ಮೂರು ವಾರ ಅವರ ಚಾಕರಿ ಮಾಡಿದವಳು ನಾನು. ಹಾಗಾಗಿ ‘ಕೊಯ್ಯುವುದಿಲ್ಲ, ಹೊಲಿಗೆ ಇಲ್ಲ, ಅದೇ ದಿನ ಮನೆಗೆ’ ಎಂಬ ಚಿಕಿತ್ಸಾ ಕೇಂದ್ರದ ಫಲಕ ಕಂಡಾಗ ಹಿಂದುಮುಂದು ನೋಡಲಿಲ್ಲ.

ಅಲ್ಲಿ ಮಲಗಿಸಿ, ಕಾಲನ್ನು ಎರಡು ಸಲ ಮುಟ್ಟಿ, ಉಬ್ಬಿದ ಕಡೆಗಳಿಗೆ ನಾಳವನ್ನು ಮುಚ್ಚಿಸುವ ನೊರೆಯಂಥ ಔಷಧಿ ಚುಚ್ಚಿದರು. 30 ಸಾವಿರ ರೂಪಾಯಿ. ಮೊದಲ ತಿಂಗಳು ಕಾಲು ನೋಡಿ ನಾನೇ ಹಿಗ್ಗಿದೆ. ಪಂಚಮಿಯ ಉಂಡಿ ಕಟ್ಟುವ ಹೊತ್ತಿಗೆ ಹಳೆಯ ಜಾಗದ ಪಕ್ಕದಲ್ಲೇ ಮತ್ತೆ ಉಬ್ಬಿತು, ಚುಚ್ಚಿದಲ್ಲೆಲ್ಲ ಕಂದು ಕಲೆ. ಕೇಳಿದರೆ, “ಇನ್ನೊಂದು ಸುತ್ತು ಹಾಕೋಣ” ಎಂದರು.

ಹಾಕಿಸಿಕೊಳ್ಳದೆ ರಕ್ತನಾಳದ ಶಸ್ತ್ರವೈದ್ಯೆಯೊಬ್ಬರ ಬಳಿ ಹೋದೆ. ಅವರು ನನ್ನನ್ನು ನಿಲ್ಲಿಸಿ, ಭಾರವನ್ನೆಲ್ಲ ಬಲಗಾಲಿಗೆ ಹಾಕಿಸಿ, ತೊಡೆಗೆ ಡಾಪ್ಲರ್ (ರಕ್ತದ ಹರಿವನ್ನು ಪರದೆಯಲ್ಲಿ ತೋರಿಸುವ ಸ್ಕ್ಯಾನ್) ಹಿಡಿದರು. ಮೀನಖಂಡವನ್ನು ಹಿಂಡಿ ಬಿಟ್ಟ ಕೂಡಲೇ ಮೇಲೆ ಹೋದ ರಕ್ತ ಪರದೆಯ ಮೇಲೆ ಸರ್ರನೆ ಕೆಳಗಿಳಿಯಿತು. ಅರ್ಧ ಸೆಕೆಂಡಿಗಿಂತ ಹೆಚ್ಚು ಹಿಂದಕ್ಕೆ ಹರಿದರೆ, ರಕ್ತ ಕೆಳಗಿಳಿಯದಂತೆ ತಡೆಯುವ ನಾಳದೊಳಗಿನ ಕವಾಟ ಕೆಟ್ಟಿದೆ ಎಂದರ್ಥವಂತೆ. ನನ್ನದು ಎರಡು ಸೆಕೆಂಡು ದಾಟಿತ್ತು. “ನಲ್ಲಿ ಬಂದ್ ಮಾಡದೆ ಅಂಗಳ ಒರೆಸಿದ್ದಾರೆ, ಅಮ್ಮಾ” ಎಂದರು. ಒಳಗಿನ ಆಳದ ನಾಳಗಳಲ್ಲಿ ಹೆಪ್ಪು ಇದೆಯೇ ಎಂಬುದನ್ನೂ ಅದರಲ್ಲೇ ನೋಡಿದರು. ಅದನ್ನು ನೋಡದೆ ಮೇಲಿನ ನಾಳ ಮುಚ್ಚಬಾರದಂತೆ.

ಆಮೇಲೆ ರೇಡಿಯೋ ತರಂಗದ ಚಿಕಿತ್ಸೆ. ಮೊಣಕಾಲ ಬಳಿ ಸೂಜಿಯಿಂದ ತೆಳುವಾದ ನಳಿಕೆ ತೂರಿಸಿ, ಸುತ್ತಲೂ ಮರಗಟ್ಟಿಸುವ ನೀರು ತುಂಬಿ, ನಾಳದ ಒಂದೊಂದು ತುಂಡನ್ನೂ 20 ಸೆಕೆಂಡು 120 ಡಿಗ್ರಿ ಕಾವಿನಲ್ಲಿ ಮುಚ್ಚಿದರು. ಬಿಗಿ ಕಾಲುಚೀಲ ಹಾಕಿಕೊಂಡು ಅಂದೇ ನಡೆದು ಬಂದೆ.

ಹಾಗೆಂದು ನೊರೆಯನ್ನು ಬಯ್ಯಲಾರೆ. ಉಳಿದ ಸಣ್ಣ ನಾಳಗಳಿಗೆ ನನಗೂ ಅದನ್ನೇ ಹಾಕಿದರು. ಅತ್ತೆಯ ಶಸ್ತ್ರಚಿಕಿತ್ಸೆಯೂ ಸುಳ್ಳಲ್ಲ: ನಳಿಕೆ ತೂರದಷ್ಟು ನಾಳ ಸೊಟ್ಟಗಿದ್ದರೆ ಇಂದಿಗೂ ಅದು ಬೇಕಾಗಬಹುದು. ಚಿಕಿತ್ಸೆಗೆ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2013ರಲ್ಲಿ ಹೇಳಿದ ಕ್ರಮವೂ ಹೀಗೇ: ಮೊದಲು ಕಾವು, ಅದು ಒಗ್ಗದಿದ್ದರೆ ನೊರೆ, ಅದೂ ಆಗದಿದ್ದರೆ ಶಸ್ತ್ರಚಿಕಿತ್ಸೆ. ಆದರೆ ಯಾವುದಕ್ಕೂ ಮುಂಚೆ ಡಾಪ್ಲರ್.

ಮೊದಲಿನ ಕೇಂದ್ರಕ್ಕೆ ಹೋಗಿ ನನ್ನ ಡಾಪ್ಲರ್ ವರದಿ ಕೊಡಿ ಎಂದೆ. ಮೇಜಿನ ಹುಡುಗಿ ಫೈಲು ತಿರುವಿ ಬಿಲ್ ಕೊಟ್ಟಳು. “ವರದಿ ಇಲ್ಲ ಅಕ್ಕಾ, ಅದನ್ನು ಮಾಡಿಯೇ ಇಲ್ಲವಲ್ಲ” ಎಂದಳು.